ಮಹಡಿ ಮನೆಗೆ ಎಷ್ಟು ವ್ಯಾಟಿನ ಗಿಟಾರ್ ಆಂಪ್ ಬೇಕು?

ಪ್ರಶ್ನೆ: ಚಿಕ್ಕಮಗಳೂರಿನ ಕಾಫಿ ಕ್ಯೂರಿಂಗ್ ವರ್ಕ್ಸ್ ಒಂದರಲ್ಲಿ ಲೆಕ್ಕಪತ್ರ ನೋಡಿಕೊಳ್ಳುತ್ತೇನೆ. ವಯಸ್ಸು 31. ಚಿಕ್ಕಪ್ಪನ ಮಗ ಬೆಂಗಳೂರಿಗೆ ಮನೆ ಬದಲಾಯಿಸುವಾಗ ತನ್ನ ಎಲೆಕ್ಟ್ರಿಕ್ ಗಿಟಾರನ್ನು ನನಗೆ ಕೊಟ್ಟು ಹೋದ. ಕಲಿಯಲು ಶುರು ಮಾಡಿ ಎರಡು ತಿಂಗಳಾಯಿತು. ಮನೆಯಲ್ಲಿರುವ ಹೋಮ್ ಥಿಯೇಟರ್‌ಗೆ ಹಾಕಿದರೆ ಸದ್ದು ಮಂಕಾಗಿ ಬರುತ್ತದೆ, ಜೊತೆಗೆ ಗುಂಯ್ ಅನ್ನುತ್ತದೆ. ನಾವಿರುವುದು ಬಾಡಿಗೆ ಮನೆಯ ಮಹಡಿಯಲ್ಲಿ. ಕೆಳಗೆ ಓನರ್ ಇದ್ದಾರೆ, ವಯಸ್ಸಾದವರು. ನನಗೆ ಬಿಡುವು ಸಿಗುವುದೇ ರಾತ್ರಿ ಒಂಬತ್ತರ ಮೇಲೆ. ಗಿಟಾರಿನ ಸದ್ದು ದೊಡ್ಡದು ಮಾಡುವ ಆಂಪ್ (ಆಂಪ್ಲಿಫೈಯರ್) ಕೊಳ್ಳಲು 8,000 ರೂಪಾಯಿ ಎತ್ತಿಟ್ಟಿದ್ದೇನೆ. ಒಬ್ಬ ಗೆಳೆಯ ‘ತಗೊಂಡ್ರೆ 40 ವ್ಯಾಟ್ ತಗೋ, ಗಣೇಶನ ಕಾರ್ಯಕ್ರಮಕ್ಕೂ ಆಗುತ್ತೆ’ ಅನ್ನುತ್ತಾನೆ. ಇನ್ನೊಬ್ಬ ಹಳೇ ರೇಡಿಯೋದಲ್ಲಿದ್ದಂಥ ಗಾಜಿನ ವಾಲ್ವ್ ಇರುವ ಆಂಪೇ ಆಗಬೇಕು ಅನ್ನುತ್ತಾನೆ. ಏನು ಮಾಡಲಿ?

ಉತ್ತರ: ನಿಮ್ಮ ಪತ್ರದಲ್ಲಿ ವ್ಯಾಟ್ ಇದೆ, ವಾಲ್ವ್ ಇದೆ, ಗಣೇಶನೂ ಇದ್ದಾನೆ. ಆದರೆ ನನ್ನ ಕಣ್ಣು ನಿಂತದ್ದು ಎರಡು ಮಾತಿನ ಮೇಲೆ. ಕೆಳಗೆ ವಯಸ್ಸಾದ ಓನರ್, ಬಿಡುವು ರಾತ್ರಿ ಒಂಬತ್ತರ ಮೇಲೆ. ಆಂಪ್ ಆರಿಸಬೇಕಾದ್ದು ಇವೆರಡನ್ನು ನೋಡಿ. ಯಾವತ್ತೋ ಹತ್ತುವ ಸ್ಟೇಜನ್ನು ಮನಸ್ಸಿನಲ್ಲಿ ಇಟ್ಟುಕೊಂಡು ಕೊಂಡವರ ಆಂಪ್‌ಗಳು ಹಾಸನದಲ್ಲಿ ನನ್ನ ರಿಪೇರಿ ಟೇಬಲ್ಲಿಗೆ ಬರುವಾಗ ಸಾಮಾನ್ಯವಾಗಿ ಹೊಸದರಂತೆಯೇ ಇರುತ್ತವೆ. ಧೂಳು ಮಾತ್ರ ಜಾಸ್ತಿ.

ಹೋಮ್ ಥಿಯೇಟರ್ ಕಥೆ ಮೊದಲು ಮುಗಿಸೋಣ. ಅದು ಕೆಟ್ಟಿಲ್ಲ, ಬಹುಶಃ ಗಿಟಾರೂ ಕೆಟ್ಟಿಲ್ಲ. ಗಿಟಾರಿನ ತಂತಿಗಳ ಕೆಳಗಿರುವ ಪಿಕಪ್ ಅಂದರೆ ಅಯಸ್ಕಾಂತದ ಸುತ್ತ ಕೂದಲೆಳೆಯಷ್ಟು ತೆಳುವಾದ ತಾಮ್ರದ ವೈರನ್ನು ಸಾವಿರಾರು ಸುತ್ತು ಸುತ್ತಿದ ಕಾಯಿಲ್. ಉಕ್ಕಿನ ತಂತಿ ಅದರ ಮೇಲೆ ಅದುರಿದಾಗ ಕಾಯಿಲ್‌ನಲ್ಲಿ ಚೂರು ಕರೆಂಟ್ ಹುಟ್ಟುತ್ತದೆ. ಚೂರು ಅಂದರೆ ನಿಜಕ್ಕೂ ಚೂರೇ. ಗಿಟಾರ್ ಆಂಪಿನ ಇನ್‌ಪುಟ್ ಕರೆಂಟಿಗೆ ಒಡ್ಡುವ ತಡೆ ಸಾಮಾನ್ಯವಾಗಿ ಹತ್ತು ಲಕ್ಷ ಓಮ್ ಇರುತ್ತದೆ. ಅದು ಪಿಕಪ್‌ನಿಂದ ಹೆಚ್ಚುಕಡಿಮೆ ಏನನ್ನೂ ಎಳೆದುಕೊಳ್ಳುವುದಿಲ್ಲ, ಸುಮ್ನೆ ಕಿವಿಗೊಟ್ಟು ಕೂರುತ್ತದೆ. ಹೋಮ್ ಥಿಯೇಟರಿನ ಆಕ್ಸ್ ಇನ್‌ಪುಟ್ ಇರುವುದು ಫೋನು, ಟಿವಿಯಂಥ ಗಟ್ಟಿ ಸಿಗ್ನಲ್‌ಗೆ. ಅದರ ಓಮ್ ಹತ್ತಾರು ಸಾವಿರದಲ್ಲೇ ನಿಲ್ಲುತ್ತದೆ. ಸಣ್ಣಗೆ ಜಿನುಗುವ ಒರತೆಗೆ ಐದು ಎಚ್‌ಪಿ ಮೋಟಾರ್ ಇಟ್ಟ ಹಾಗೆ ಪಿಕಪ್ ಸೋತುಹೋಗುತ್ತದೆ. ಮೊದಲು ಸಾಯುವುದು ಟ್ರೆಬಲ್, ಅಂದರೆ ಚೂಪಾದ ಸದ್ದು. ನೀವು ಬರೆದಿರುವ ‘ಮಂಕು’ ಇದೇ.

ಹೋಮ್ ಥಿಯೇಟರ್ ಗಿಟಾರಿಗೆ ಹೊಂದದಿರಲು ಇನ್ನೊಂದು ಕಾರಣವೂ ಇದೆ. ಗಿಟಾರ್ ಆಂಪಿನ ಸ್ಪೀಕರ್ ಐದಾರು ಸಾವಿರ ಹರ್ಟ್ಸ್ ದಾಟಿದ ಮೇಲೆ ಕೈಚೆಲ್ಲುತ್ತದೆ. ಅದೊಂದು ಕೊರತೆ ಅನಿಸಬಹುದು, ಆದರೆ ಗಿಟಾರಿಗೆ ಅದೇ ವರ. ಸದ್ದನ್ನು ಬೇಕೆಂದೇ ಒಡೆಯುವ ಡಿಸ್ಟಾರ್ಷನ್ ಹಾಕಿದಾಗ ಹುಟ್ಟುವ ಚೂಪು ಸದ್ದುಗಳನ್ನೆಲ್ಲ ಆ ಸ್ಪೀಕರ್ ಸೋಸಿಬಿಡುತ್ತದೆ. ಹೋಮ್ ಥಿಯೇಟರಿನಲ್ಲಿ ಚೂಪು ಸದ್ದಿಗೆಂದೇ ಇರುವ ಪುಟ್ಟ ಸ್ಪೀಕರ್, ಅಂದರೆ ಟ್ವೀಟರ್, ಸೋಸುವುದಿಲ್ಲ, ಎಲ್ಲವನ್ನೂ ಹಾಗೇ ಹೊರಗೆ ಬಿಡುತ್ತದೆ. ಜೇನುಗೂಡಿಗೆ ಕಲ್ಲು ಹೊಡೆದಂತೆ ಕೇಳುತ್ತದೆ.

ನಾನೂ ಹೀಗೇ ಶುರು ಮಾಡಿದವನು. ಮನೆಯಲ್ಲಿ ಟೂ-ಇನ್-ಒನ್ ಟೇಪ್ ರೆಕಾರ್ಡರ್ ಇತ್ತು. ಅದರ ಮೈಕ್ ತೂತಿಗೆ ಗಿಟಾರ್ ಹಾಕಿ, ರೆಕಾರ್ಡ್ ಮತ್ತು ಪಾಸ್ ಬಟನ್ ಎರಡನ್ನೂ ಒಟ್ಟಿಗೆ ಒತ್ತಿ ಹಿಡಿದರೆ ಸ್ಪೀಕರಿನಲ್ಲಿ ಸದ್ದು ಬರುತ್ತಿತ್ತು. ಒಳಗಿನ ಟ್ರಾನ್ಸಿಸ್ಟರ್ ತಡೆಯಲಾರದೆ ಸದ್ದು ಒಡೆಯುತ್ತಿತ್ತು. ಆಗ ಅದೇ ರಾಕ್ ಮ್ಯೂಸಿಕ್ ಅಂದುಕೊಂಡಿದ್ದೆ. ಅಪ್ಪ ವಾರ್ತೆ ಕೇಳಲು ಬಂದಾಗ ಕಛೇರಿ ಮುಗಿಯುತ್ತಿತ್ತು.

ಈಗ ವ್ಯಾಟ್. ನಮ್ಮಲ್ಲಿ ವ್ಯಾಟಿನ ಬಗ್ಗೆ ತಲೆ ಕೆಡಿಸಿದ್ದೇ ಹಳೇ ಹೋಮ್ ಥಿಯೇಟರ್ ಡಬ್ಬಗಳ ಮೇಲಿನ ‘ಪಿಎಂಪಿಒ’ ಅನ್ನುವ ಅಕ್ಷರಗಳು. ಅಂಗೈ ಅಗಲದ ಸ್ಪೀಕರಿಗೆ ಸಾವಿರಗಟ್ಟಲೆ ವ್ಯಾಟ್ ಅಂತ ಬರೆದಿರುತ್ತಿದ್ದರು. ಆ ಲೆಕ್ಕಕ್ಕೆ ತಲೆಬುಡ ಇಲ್ಲ. ನೋಡಬೇಕಾದ್ದು ಆರ್‌ಎಂಎಸ್ ವ್ಯಾಟ್, ಅಂದರೆ ಆಂಪ್ ಎಡೆಬಿಡದೆ ಕೊಡಬಲ್ಲ ವ್ಯಾಟ್ ಮಾತ್ರ. ಆ ವ್ಯಾಟನ್ನೂ ನಮ್ಮ ಕಿವಿ ನೇರ ಲೆಕ್ಕದಲ್ಲಿ ಕೇಳುವುದಿಲ್ಲ. 10 ವ್ಯಾಟನ್ನು 20 ಮಾಡಿದರೆ ಸಿಗುವುದು ಮೂರು ಡೆಸಿಬಲ್. ‘ಹೌದು, ಸ್ವಲ್ಪ ಜಾಸ್ತಿ ಆಯ್ತು’ ಅನ್ನುವಷ್ಟು. ಸದ್ದು ದುಪ್ಪಟ್ಟು ಅನಿಸಬೇಕಾದರೆ ವ್ಯಾಟ್ ಹತ್ತು ಪಟ್ಟು ಆಗಬೇಕು. ಹಾಗಾಗಿ ನಿಮ್ಮ ಗೆಳೆಯನ 40 ವ್ಯಾಟ್ ಆಂಪ್ 10 ವ್ಯಾಟಿನದಕ್ಕಿಂತ ನಾಲ್ಕು ಪಟ್ಟು ಜೋರಲ್ಲ. ಆರು ಡೆಸಿಬಲ್ ಜೋರು, ಅಷ್ಟೆ. ಒಳ್ಳೆಯ ಸ್ಪೀಕರ್ ಇದ್ದರೆ ಒಂದೇ ಒಂದು ವ್ಯಾಟಿಗೆ ಪಕ್ಕದ ಕೋಣೆಯವರು ಟಿವಿ ವಾಲ್ಯೂಮ್ ಏರಿಸಬೇಕಾಗುತ್ತದೆ. ಜೊತೆಗೆ ಡ್ರಮ್ಸ್ ಇದ್ದರೆ ಮಾತ್ರ 40, 50 ವ್ಯಾಟಿನ ಮಾತು ಬರುತ್ತದೆ. ನಿಮ್ಮ ಮಹಡಿಯಲ್ಲಿ ಡ್ರಮ್ಸ್ ಇಲ್ಲ ಅಲ್ವಾ?

ದೊಡ್ಡ ಆಂಪ್ ಕೊಂಡು ಸಣ್ಣಗೆ ಇಟ್ಟುಕೊಂಡರೆ ಆಯಿತು ಅನ್ನುವವರಿದ್ದಾರೆ. ಮಾಡಬಹುದು. ಆದರೆ ಎಷ್ಟೋ ಆಂಪ್‌ಗಳಲ್ಲಿ ವಾಲ್ಯೂಮ್ ನಾಬ್‌ನ ಮೊದಲ ಕಾಲು ಸುತ್ತಿನಲ್ಲೇ ಸದ್ದು ಏಕದಂ ಎದ್ದುಬಿಡುತ್ತದೆ. ರಾತ್ರಿ ಹತ್ತಕ್ಕೆ ಕೂದಲೆಳೆಯಷ್ಟು ತಿರುಗಿಸುತ್ತಾ ಕೂರಬೇಕು. ಬಾಸ್ ಕಂಪನಿಯ ಕಟಾನಾ 50 ಥರದವುಗಳಲ್ಲಿ ಇದಕ್ಕೆಂದೇ ಅರ್ಧ ವ್ಯಾಟಿಗೆ ಇಳಿಸುವ ಸ್ವಿಚ್ ಇದೆ. ಒಳ್ಳೆಯ ಆಂಪ್, 12 ಇಂಚಿನ ಸ್ಪೀಕರ್. ಆದರೆ ಬೆಲೆ ನಿಮ್ಮ ದುಡ್ಡಿನ ಎರಡು ಪಟ್ಟಿಗೂ ಜಾಸ್ತಿ. ಈಗ ಬೇಡ.

ವಾಲ್ವ್ ವಿಷಯಕ್ಕೆ ಒಂದು ನಮಸ್ಕಾರ ಹಾಕಿ ಮುಂದೆ ಹೋಗೋಣ. ಅಜ್ಜನ ಮನೆಯ ವಾಲ್ವ್ ರೇಡಿಯೋ ನೆನಪಿದ್ದವರಿಗೆ ಗೊತ್ತು, ಸ್ವಿಚ್ ಹಾಕಿದ ಮೇಲೆ ಬಿಸಿಯಾಗುವ ತನಕ ಕಾಯಬೇಕಿತ್ತು. ಗಿಟಾರ್ ಆಂಪ್ ಹುಟ್ಟಿದ್ದೂ ರೇಡಿಯೋದವರ ಕೈಯಲ್ಲೇ. ಆಮೇಲೆ ಗಿಟಾರ್, ಆಂಪ್‌ಗಳಿಗೆ ಹೆಸರಾದ ಲಿಯೋ ಫೆಂಡರ್ 1938ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ತೆರೆದದ್ದು ರೇಡಿಯೋ ರಿಪೇರಿ ಅಂಗಡಿ. ಅವರಿಗೆ ಗಿಟಾರ್ ನುಡಿಸಲು ಬರುತ್ತಿರಲಿಲ್ಲ ಅನ್ನುವುದು ನಮ್ಮಂಥ ರಿಪೇರಿಯವರಿಗೆ ಸಮಾಧಾನದ ವಿಷಯ. ವಾಲ್ವ್ ಆಂಪಿನ ಸೊಗಸು ಇರುವುದು ಅದನ್ನು ಜೋರಾಗಿ ಇಟ್ಟಾಗ. ನಿಮಗೆ ಜೋರು ಮಾಡಲು ಆಗುವುದಿಲ್ಲ. ವಾಲ್ವ್ ಸವೆಯುತ್ತವೆ, ಹೊಸದು ಬೇಕೆಂದರೆ ನಮ್ಮ ಕಡೆ ಅಂಗಡಿಯಲ್ಲಿ ಸಿಗುವುದಿಲ್ಲ, ತರಿಸಬೇಕು. ಒಳಗೆ ಮುನ್ನೂರು ನಾನ್ನೂರು ವೋಲ್ಟ್ ಓಡಾಡುತ್ತದೆ. ಪ್ಲಗ್ ಕಿತ್ತ ಮೇಲೂ ಕೆಪಾಸಿಟರ್‌ಗಳಲ್ಲಿ ಅದು ಉಳಿದಿರಬಹುದು. ಆಸೆಗೆ ಬಿದ್ದು ಹಿಂದಿನ ಮುಚ್ಚಳ ತೆರೆಯುವವರಿಗೆ ಅದು ತಮಾಷೆಯಲ್ಲ.

ಇನ್ನು ಆ ಗುಂಯ್. ಇದರ ಬಗ್ಗೆ ಸ್ವಲ್ಪ ನಿಧಾನಕ್ಕೆ ಹೇಳುತ್ತೇನೆ. ಆಂಪ್ ಬದಲಾಯಿಸಿದ ಮಾತ್ರಕ್ಕೆ ಅದು ಹೋಗದೆ ಇರಬಹುದು.

ನಮ್ಮ ಮನೆ ಕರೆಂಟ್ ಸೆಕೆಂಡಿಗೆ 50 ಸಲ ಹಿಂದಕ್ಕೂ ಮುಂದಕ್ಕೂ ಹೋಗಿ ಬರುತ್ತದೆ. ಅದರ ಸದ್ದು 50 ಹರ್ಟ್ಸ್‌ನಲ್ಲಿ, ಅದರ ದುಪ್ಪಟ್ಟು 100ರಲ್ಲಿ ಕೇಳುತ್ತದೆ. ಗಿಟಾರಿನ ದಪ್ಪ ತಂತಿಯ ಮೂರನೇ ಫ್ರೆಟ್ ಒತ್ತಿದರೆ ಬರುವ ಜಿ ಸ್ವರ 98 ಹರ್ಟ್ಸ್. ಹೆಚ್ಚುಕಡಿಮೆ ಅದೇ ಜಾಗ. ಅದಕ್ಕೇ ಆ ಗುಂಯ್ ಸಂಗೀತದ ಒಳಗೇ ಬಂದು ಕೂತ ಹಾಗಿರುತ್ತದೆ. ಒಂದು ಕಾಯಿಲ್‌ನ ಪಿಕಪ್ ಸುತ್ತಲಿನ ವೈರುಗಳಿಂದ ಹೊಮ್ಮುವ ಅಯಸ್ಕಾಂತ ಕ್ಷೇತ್ರವನ್ನೂ ಹಿಡಿಯುತ್ತದೆ. ಹಳೇ ಟ್ಯೂಬ್‌ಲೈಟ್ ಚೋಕ್, ಫ್ಯಾನಿನ ರೆಗ್ಯುಲೇಟರ್, ಫೋನ್ ಚಾರ್ಜರ್ ಎಲ್ಲವೂ ಸೇರಿಕೊಳ್ಳುತ್ತವೆ. ಇದನ್ನು ತಪ್ಪಿಸಲೆಂದೇ 1955ರಲ್ಲಿ ಗಿಬ್ಸನ್ ಕಂಪನಿಯ ಸೆತ್ ಲವರ್ ಎರಡು ಕಾಯಿಲ್ ಜೋಡಿಸಿ ಹಂಬಕರ್ ಪಿಕಪ್ ಮಾಡಿದರು. ಎರಡು ಕಾಯಿಲ್‌ಗಳ ಗುಂಯ್ ಒಂದನ್ನೊಂದು ಹೊಡೆದುಹಾಕುತ್ತದೆ, ತಂತಿಯ ಸದ್ದು ಮಾತ್ರ ಉಳಿಯುತ್ತದೆ.

ಇವತ್ತು ರಾತ್ರಿ ಹೀಗೆ ಮಾಡಿ. ಗಿಟಾರ್ ಹಿಡಿದು ಕೂತಲ್ಲೇ ನಿಧಾನಕ್ಕೆ ಕಾಲು ಸುತ್ತು ತಿರುಗಿ. ಒಂದು ದಿಕ್ಕಿನಲ್ಲಿ ಗುಂಯ್ ಕಡಿಮೆ ಆದರೆ ಅದು ಪಿಕಪ್ ಗಾಳಿಯಿಂದ ಹಿಡಿಯುತ್ತಿರುವ ಸದ್ದು. ಆ ಕಡೆಗೇ ಕುರ್ಚಿ ಹಾಕಿಕೊಳ್ಳಿ, ಖರ್ಚಿಲ್ಲ. ಆಮೇಲೆ ತಂತಿಗಳ ಮೇಲೆ ಅಂಗೈ ಇಡಿ. ಗುಂಯ್ ತಗ್ಗಿದರೆ ಚಿಂತೆ ಇಲ್ಲ, ಅದು ಮಾಮೂಲು. ಕೈ ಇಟ್ಟಾಗ ಜಾಸ್ತಿ ಆದರೆ ಗಿಟಾರಿನ ಒಳಗೆ, ತಂತಿಗಳ ತುದಿ ಕೂರುವ ಬ್ರಿಡ್ಜಿನಿಂದ ಬರುವ ಅರ್ತ್ ವೈರ್ ಬಿಟ್ಟುಹೋಗಿರಬಹುದು. ಟಿವಿ ರಿಪೇರಿಯವರು ಐದು ನಿಮಿಷದಲ್ಲಿ ಸೋಲ್ಡರ್ ಮಾಡುತ್ತಾರೆ. ಕೈಗೆ ಚುರ್ ಅಂದರೆ ಮಾತ್ರ ಅಲ್ಲೇ ನಿಲ್ಲಿಸಿ, ಪ್ಲಗ್ ಕೀಳಿ.

ಆ ಚುರ್ ಏನೆಂದು ನನಗೆ ಚೆನ್ನಾಗಿ ಗೊತ್ತು. ಬೇಲೂರಿನ ಹತ್ತಿರದ ಒಂದು ಹಳ್ಳಿಯಲ್ಲಿ ಆರ್ಕೆಸ್ಟ್ರಾ ಇತ್ತು. ಎಕ್ಸ್‌ಟೆನ್ಷನ್ ಬಾಕ್ಸಿನಲ್ಲಿ ಎರಡೇ ತೂತು. ಯಾರೋ ಪುಣ್ಯಾತ್ಮರು ನನ್ನ ಆಂಪಿನ ಮೂರು ಪಿನ್ನಿನ ಪ್ಲಗ್‌ನಿಂದ ದಪ್ಪ ಪಿನ್ನನ್ನು ಕಟಿಂಗ್ ಪ್ಲೈಯರ್‌ನಲ್ಲಿ ಕತ್ತರಿಸಿ ಹಾಕಿದ್ದರು. ನಾನು ತಂತಿ ಮೇಲೆ ಕೈಯಿಟ್ಟು ಹಲೋ ಚೆಕ್ ಅನ್ನಲು ಮೈಕಿನ ಹತ್ತಿರ ಹೋದೆ. ತುಟಿ ತಗುಲಿದ್ದೇ ತಡ, ತಲೆಯೊಳಗೆ ಬಿಳಿ ಬೆಳಕು. ಮಳೆ ಬಿದ್ದ ನೆಲ, ಕಾಲಲ್ಲಿ ಚಪ್ಪಲಿ ಇಲ್ಲ. ಆ ಕತ್ತರಿಸಿದ ಪಿನ್ ಈಗಲೂ ನನ್ನ ಡ್ರಾಯರ್‌ನಲ್ಲಿದೆ.

ಎಷ್ಟೋ ಹಳೇ ಮನೆಗಳಲ್ಲಿ ಮೂರು ತೂತಿನ ಸಾಕೆಟ್ ಇದ್ದರೂ ಹಿಂದೆ ಅರ್ತ್ ವೈರೇ ಇರುವುದಿಲ್ಲ. ಇದ್ದರೂ ಅಂಗಳದ ಅರ್ತ್ ಗುಂಡಿ ಬೇಸಿಗೆಯಲ್ಲಿ ಒಣಗಿ ಕೆಲಸ ಮಾಡದಿರಬಹುದು. ಓನರ್ ಹತ್ತಿರ ಒಂದು ಮಾತು ಕೇಳಿ, ಎಲೆಕ್ಟ್ರಿಷಿಯನ್ ಕರೆಸಿ ನೋಡಿಸಿ. ನೀವೇ ಕೈ ಹಾಕಬೇಡಿ. ಗಿಟಾರ್ ಬದಿಗಿರಲಿ, ಗೀಸರ್‌ಗಾದರೂ ಬೇಕು ಅದು.

ಮಳೆಗಾಲ ಬಂದರೆ ಕರೆಂಟಿನದ್ದು ಬೇರೆಯೇ ಕಥೆ. ನಿಮ್ಮ ಊರಲ್ಲಿ ಜುಲೈ ತಿಂಗಳ ಸಂಜೆ ಹೇಗಿರುತ್ತದೆ ಅಂತ ನಿಮಗೆ ನಾನು ಹೇಳಬೇಕಾಗಿಲ್ಲ. ಎಲ್ಲೋ ಒಂದು ಸಿಲ್ವರ್ ಓಕ್ ಮರ ಲೈನ್ ಮೇಲೆ ಬಿತ್ತು ಅಂದರೆ ಆವತ್ತಿನ ಪ್ರಾಕ್ಟೀಸ್ ಮುಗಿಯಿತು. ಯುಪಿಎಸ್ ಇದೆಯಲ್ಲ ಅನ್ನಬಹುದು. ಕಡಿಮೆ ಬೆಲೆಯ ಸ್ಕ್ವೇರ್ ವೇವ್ ಯುಪಿಎಸ್‌ನಲ್ಲಿ ಆಂಪ್ ಓಡಿಸಿದರೆ ಗಿಟಾರಿಗಿಂತ ಜೋರಾಗಿ ಅದೇ ಹಾಡುತ್ತದೆ. ಸೈನ್ ವೇವ್ ಆದರೆ ಪರವಾಗಿಲ್ಲ.

ಹೀಗೆಲ್ಲ ನೋಡಿದಾಗ ನಿಮಗೆ ನಾನು ಹೇಳುವುದು ಸೆಲ್‌ನಲ್ಲೂ ಓಡುವ ಪುಟ್ಟ ಆಂಪ್. ಬಾಸ್ ಕಟಾನಾ ಮಿನಿ ಇದೆ. 7 ವ್ಯಾಟ್, 4 ಇಂಚಿನ ಸ್ಪೀಕರ್. ಬ್ಲ್ಯಾಕ್‌ಸ್ಟಾರ್ ಫ್ಲೈ 3 ಇದೆ. 3 ವ್ಯಾಟ್, 3 ಇಂಚು. ಎರಡಕ್ಕೂ ಗಡಿಯಾರಕ್ಕೆ ಹಾಕುವಂಥ ಆರು ಎಎ ಸೆಲ್ ಸಾಕು. ಎರಡರಲ್ಲೂ ಹೆಡ್‌ಫೋನ್ ತೂತಿದೆ, ಫೋನಿನಿಂದ ಹಾಡು ಹಾಕಿಕೊಂಡು ಜೊತೆಗೆ ನುಡಿಸಲು ಆಕ್ಸ್ ಇದೆ. ಬೆಲೆ ನಿಮ್ಮ ಎಂಟು ಸಾವಿರದ ಅಕ್ಕಪಕ್ಕ ಓಡಾಡುತ್ತಿರುತ್ತದೆ, ಕೊಳ್ಳುವ ದಿನ ನೋಡಿಕೊಳ್ಳಿ. ನನ್ನ ಓಟು ಕಟಾನಾ ಮಿನಿಗೆ. ಬಾಸ್ (ದಪ್ಪ ಸದ್ದು), ಮಿಡ್ (ನಡುವಿನದು), ಟ್ರೆಬಲ್ ಮೂರಕ್ಕೂ ಬೇರೆ ಬೇರೆ ನಾಬ್ ಇದೆ. ಸದ್ದು ಹೇಗೆ ಬದಲಾಗುತ್ತದೆ ಅನ್ನುವುದನ್ನು ಕಲಿಯುವವರು ಕೈಯಾರೆ ತಿರುಗಿಸಿಯೇ ಕಲಿಯಬೇಕು. ಸಾವಿರ ಜಾಸ್ತಿ ಆದರೂ ಒಂದು ತಿಂಗಳು ತಡೆದು ಅದನ್ನೇ ಕೊಳ್ಳಿ ಅನ್ನುತ್ತೇನೆ.

ಹೆಡ್‌ಫೋನ್ ಹಾಕಿಕೊಂಡು ಕೇಳುವುದರಲ್ಲಿ ಒಂದು ಸೂಕ್ಷ್ಮ ಇದೆ. ಅಗ್ಗದ ಎಷ್ಟೋ ಆಂಪ್‌ಗಳಲ್ಲಿ ಹೆಡ್‌ಫೋನ್ ತೂತಿಗೆ ಸ್ಪೀಕರಿನ ಆ ಸೋಸುವ ಗುಣ ಸೇರಿಸಿರುವುದಿಲ್ಲ. ಡಿಸ್ಟಾರ್ಷನ್ ಹಾಕಿದ ಕೂಡಲೇ ಮತ್ತೆ ಅದೇ ಜೇನುಗೂಡು. ನಿಮಗೆ ಮುಕ್ಕಾಲು ಪಾಲು ಹೆಡ್‌ಫೋನೇ ಗತಿಯಾದ್ದರಿಂದ ಕೊಳ್ಳುವ ಮೊದಲು ಇದನ್ನೇ ಕೇಳಿ ನೋಡಿ. ಬ್ಲೂಟೂತ್ ಇಯರ್‌ಫೋನ್ ಬೇಡವೇ ಬೇಡ. ತಂತಿ ಮೀಟಿದ ಮೇಲೆ ಸದ್ದು ಕಿವಿಗೆ ಬರುವಷ್ಟರಲ್ಲಿ ಸೆಕೆಂಡಿನ ಹತ್ತನೇ ಒಂದು ಭಾಗವೇ ಕಳೆದಿರಬಹುದು. ತುಟಿ ಒಂದು ಕಡೆ ಮಾತು ಒಂದು ಕಡೆ ಆದ ಸಿನಿಮಾ ನೋಡಿದ ಹಾಗೆ, ತಾಳ ಕಲಿಯಲು ಆಗುವುದಿಲ್ಲ. ವೈರಿನ ಹೆಡ್‌ಫೋನೇ ಇರಲಿ. ಕಿವಿ ಪೂರ್ತಿ ಮುಚ್ಚುವಂಥದ್ದಾದರೆ ತಗಡಿನ ಶೀಟ್ ಮೇಲೆ ಮಳೆ ಹೊಯ್ಯುವಾಗಲೂ ಗಿಟಾರ್ ಕೇಳುತ್ತದೆ.

ಇದಕ್ಕಿಂತ ಕಡಿಮೆಯಲ್ಲಿ ಮುಗಿಸಬೇಕು ಅಂದರೆ ವಾಕ್ಸ್ ಕಂಪನಿಯ ಆಂಪ್ಲಗ್ ಇದೆ. ಅಂಗೈಯಲ್ಲಿ ಹಿಡಿಯುವಷ್ಟು ಪುಟ್ಟದು. ಗಿಟಾರಿನ ಜ್ಯಾಕ್‌ಗೇ ನೇರ ಸಿಕ್ಕಿಸಿ, ಅದಕ್ಕೆ ಹೆಡ್‌ಫೋನ್ ಹಾಕುವುದು. ರಿಮೋಟಿನ ಎಎಎ ಸೆಲ್ ಎರಡು. ಒಳ್ಳೆಯದೇ. ಆದರೆ ಆರು ತಿಂಗಳು ಹೆಡ್‌ಫೋನ್‌ನಲ್ಲೇ ಕಲಿತವರು ಮೊದಲ ಸಲ ಸ್ಪೀಕರಿನಲ್ಲಿ ನುಡಿಸಿದಾಗ ಬೆದರುವುದನ್ನು ನೋಡಿದ್ದೇನೆ. ಒತ್ತದೆ ಬಿಟ್ಟ ತಂತಿಗಳ ಗಲಾಟೆಯೆಲ್ಲ ಕೋಣೆ ತುಂಬ ಕೇಳುತ್ತದೆ. ಭಾನುವಾರ ಬೆಳಿಗ್ಗೆ ಅರ್ಧ ಗಂಟೆಯಾದರೂ ಗಾಳಿಗೆ ಸದ್ದು ಬಿಡಬೇಕು.

ಹೋಮ್ ಥಿಯೇಟರ್ ದಂಡ ಆಗಬಾರದು ಅಂತ ಇದ್ದರೆ ಇನ್ನೊಂದು ದಾರಿ ಮಲ್ಟಿ ಎಫೆಕ್ಟ್ಸ್ ಪೆಡಲ್, ಅಂದರೆ ಗಿಟಾರಿನ ಸದ್ದನ್ನು ಹಲವು ಥರ ಬದಲಿಸುವ ಪೆಟ್ಟಿಗೆ. ಜೂಮ್ ಜಿ1 ಫೋರ್ ಥರದ್ದು. ಗಿಟಾರ್ ಅದಕ್ಕೆ, ಅದರಿಂದ ಆಕ್ಸ್‌ಗೆ. ಓಮ್ ತಕರಾರನ್ನೂ ಸೋಸುವ ಕೆಲಸವನ್ನೂ ಅದೇ ನೋಡಿಕೊಳ್ಳುತ್ತದೆ, ಡ್ರಮ್ಸ್ ತಾಳವೂ ಒಳಗೇ ಇದೆ. ಬುದ್ಧಿವಂತರ ದಾರಿ ಅನ್ನಬೇಕು. ಆದರೂ ಎರಡು ತಿಂಗಳ ಕಲಿಕೆಗೆ ನಾನು ಹೇಳುವುದಿಲ್ಲ. ಸದ್ದು ಹುಡುಕುತ್ತಾ ಮೆನು ತಿರುಗಿಸುವುದರಲ್ಲೇ ರಾತ್ರಿ ಹನ್ನೊಂದಾಗುತ್ತದೆ. ಎ ಮೈನರ್‌ನಿಂದ ಎಫ್‌ಗೆ ಬೆರಳು ಹೋಗುವುದು ಮಾತ್ರ ಅಲ್ಲೇ ನಿಂತಿರುತ್ತದೆ.

ಫೆಂಡರ್ ಫ್ರಂಟ್‌ಮನ್ 10ಜಿ ಬಗ್ಗೆ ಅಂಗಡಿಯವರು ಹೇಳಿಯೇ ಹೇಳುತ್ತಾರೆ. 10 ವ್ಯಾಟ್, 6 ಇಂಚು, ಗಟ್ಟಿ ಮುಟ್ಟು. ಸೆಲ್‌ನಲ್ಲಿ ಓಡುವುದಿಲ್ಲ ಅನ್ನುವುದೊಂದೇ ನಿಮಗೆ ಅಡ್ಡಿ. ಕೆಳಗೆ ಓನರ್ ಇಲ್ಲದಿದ್ದರೆ, ಅರ್ತಿಂಗ್ ಸರಿಯಿದ್ದರೆ ನಾನೂ ಅದನ್ನೇ ಹೇಳುತ್ತಿದ್ದೆನೇನೋ.

ಹಳೇದು ಕೊಳ್ಳುವ ಯೋಚನೆ ಬಂದರೆ ಮೊದಲು ಹಿಂದಿನ ಸ್ಟಿಕ್ಕರ್ ಓದಿ. ಅಮೆರಿಕದಿಂದ ಅಣ್ಣನೋ ಭಾವನೋ ತಂದದ್ದು 120 ವೋಲ್ಟಿನದಾಗಿರುತ್ತದೆ. ನಮ್ಮ 230ಕ್ಕೆ ಹಾಕಿದ ಕ್ಷಣ ಹೊಗೆ. ಅಡಾಪ್ಟರ್‌ನಲ್ಲಿ ಓಡುವುದಾದರೆ ಅದರದ್ದೇ ಅಡಾಪ್ಟರ್ ಕೇಳಿ ತಗೊಳ್ಳಿ. ಕೀಬೋರ್ಡಿನದ್ದು ಹಾಕಿದರೆ ಪಿನ್ ಕೂರುತ್ತದೆ, ಆದರೆ ಪ್ಲಸ್ ಮೈನಸ್ ಅದಲುಬದಲಾಗಿರಬಹುದು. ಎಲ್ಲ ನಾಬ್ ತಿರುಗಿಸಿ ನೋಡಿ. ಕರಕರ ಅಂದರೆ ಹೆದರಬೇಡಿ, ಕ್ಲೀನಿಂಗ್ ಸ್ಪ್ರೇಗೆ ಹೋಗುತ್ತದೆ. ದಪ್ಪ ತಂತಿಯನ್ನು ಎಲ್ಲೂ ಒತ್ತದೆ ಮೀಟಿದಾಗ ಗಿರ್ರ್ ಅಂದರೆ ಸ್ಪೀಕರ್ ಹೋಗಿದೆ, ಅದು ಬೇಡ. ಒಮ್ಮೆ ಮೂಡಿಗೆರೆ ಕಡೆಯಿಂದ ಬಂದ ಆಂಪ್ ತೆರೆದರೆ ಸ್ಪೀಕರಿನ ಕಾಗದದ ಮೇಲೆ ಬೂಷ್ಟು, ಟ್ರಾನ್ಸ್‌ಫಾರ್ಮರ್ ಪಕ್ಕ ಜಿರಳೆ ಸಂಸಾರ. ಎರಡು ಮಳೆಗಾಲ ಪ್ಲಾಸ್ಟಿಕ್ ಕವರಿನಲ್ಲಿ ಕಟ್ಟಿ ಇಟ್ಟಿದ್ದರಂತೆ. ಬಟ್ಟೆ ಹೊದಿಸಿ, ಪ್ಲಾಸ್ಟಿಕ್ ಬೇಡ. ತಿಂಗಳುಗಟ್ಟಲೆ ನುಡಿಸದಿದ್ದರೆ ಸೆಲ್ ತೆಗೆದಿಡಿ, ಒಳಗೇ ಸೋರುತ್ತವೆ.

ಆಂಪ್ ಬಂದ ಮೇಲೆ ನೆಲದ ಮೇಲೆ ಇಡಬೇಡಿ. ನೆಲ ಅದುರಿದರೆ ಓನರ್ ಸೂರು ಅದುರುತ್ತದೆ. ಕುರ್ಚಿ ಮೇಲೆ ಕಂಬಳಿ ಮಡಚಿ ಹಾಕಿ ಅದರ ಮೇಲಿಡಿ. ಸ್ಪೀಕರ್ ನಿಮ್ಮ ಕಿವಿಯ ಕಡೆ ಮುಖ ಮಾಡಿರಲಿ. ಮಂಡಿಗೆ ಕೇಳಿಸಿ ಏನು ಪ್ರಯೋಜನ? ಬಾಸ್ ನಾಬ್ ಅರ್ಧಕ್ಕಿಂತ ಕಡಿಮೆ, ಮಿಡ್ ಅರ್ಧಕ್ಕಿಂತ ಸ್ವಲ್ಪ ಜಾಸ್ತಿ, ಸದ್ದು ಒಡೆಯುವ ಗೇನ್ ನಾಬ್ ಕೆಳಗೆ. ಹೊಸಬರು ಮಿಡ್ ಸೊನ್ನೆಗಿಳಿಸಿ ಬಾಸ್ ಪೂರ್ತಿ ಏರಿಸುತ್ತಾರೆ. ನಾಲ್ಕು ಇಂಚಿನ ಸ್ಪೀಕರ್ ಅಷ್ಟು ಬಾಸ್ ಎಲ್ಲಿಂದ ತರಬೇಕು ಪಾಪ.

ಕೇಬಲ್‌ಗೆ ಸ್ವಲ್ಪ ದುಡ್ಡು ಉಳಿಸಿಕೊಳ್ಳಿ. ಎರಡು ಕಡೆ ಮೆಟಲ್ ಪಿ-38 ಪಿನ್ (ಗಿಟಾರಿಗೆ ಕೂರುವ ಕಾಲು ಇಂಚಿನ ದಪ್ಪ ಪಿನ್) ಇರುವ, ಶೀಲ್ಡ್ ಇರುವ ಗಿಟಾರ್ ಕೇಬಲ್, ಮೂರು ಮೀಟರ್ ಸಾಕು. ಉದ್ದ ಆದಷ್ಟೂ ಟ್ರೆಬಲ್ ಸೋರುತ್ತದೆ. ಈಗ ನೀವು ಹೋಮ್ ಥಿಯೇಟರ್‌ಗೆ ಹಾಕಿರುವುದು ಮಾಮೂಲಿ ಸ್ಪೀಕರ್ ವೈರ್ ಆಗಿದ್ದರೆ ಗುಂಯ್‌ಗೆ ಅದೂ ಪಾಲುದಾರ. ಚಿಕ್ಕಪ್ಪನ ಮಗನ ತಂತಿಗಳು ತುಕ್ಕು ಹಿಡಿದು ಕಪ್ಪಾಗಿದ್ದರೆ ಅವನ್ನೂ ಬದಲಾಯಿಸಿ.

ಗಣೇಶನ ಕಾರ್ಯಕ್ರಮ ಮರೆತಿಲ್ಲ. ಆರ್ಕೆಸ್ಟ್ರಾಗಳಲ್ಲಿ ಜನರಿಗೆ ಕೇಳುವುದು ಸೌಂಡ್ ಸಿಸ್ಟಮ್‌ನವರ ಬಾಕ್ಸ್‌ಗಳಿಂದ. ಗಿಟಾರ್ ಆಂಪ್ ಕೇಳುವುದು ಪಕ್ಕದಲ್ಲಿ ನಿಂತವರಿಗೆ ಮಾತ್ರ. 40 ವ್ಯಾಟ್ ಒಯ್ದರೂ ಅದರ ಮುಂದೆ ಮೈಕ್ ಇಡುತ್ತಾರೆ, 7 ವ್ಯಾಟ್ ಒಯ್ದರೂ ಇಡುತ್ತಾರೆ. ಪುಟ್ಟ ಆಂಪನ್ನು ಕುರ್ಚಿ ಮೇಲಿಟ್ಟು ಸ್ಪೀಕರಿಗೆ ನಾಲ್ಕು ಬೆರಳು ದೂರದಲ್ಲಿ ಮೈಕ್ ಇಡಲು ಹೇಳಿ. ಅಲ್ಲಿನ ಎಕ್ಸ್‌ಟೆನ್ಷನ್ ಬಾಕ್ಸ್ ತಂಟೆಗೆ ಹೋಗದೆ ಹೊಸ ಸೆಲ್ ಹಾಕಿಕೊಂಡೇ ಸ್ಟೇಜ್ ಹತ್ತಿ. ಕಾಲಿಗೆ ಚಪ್ಪಲಿ ಇರಲಿ.